ಮನೆ ಮಾರುವ ಲೆಕ್ಕದಲ್ಲಿ ಬಿಟ್ಟುಹೋದ ಬಾಬತ್ತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮನೆ ಮಾರಿ ನೋಡು ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಮನೆ ಮಾರುವುದು ಒಂದು ಅನುಭವವಾಗಿರಲಿಲ್ಲ, ಅವಮಾನವಾಗಿತ್ತು. ಸಾಲ ತೀರಿಸಲಾಗದವನು, ದಾಯಾದಿ ವ್ಯಾಜ್ಯದಲ್ಲಿ ಸೋತವನು, ಊರಿನಲ್ಲಿ ಮುಖ ತೋರಿಸಲಾಗದವನು ಮಾತ್ರ ಮನೆ ಮಾರುತ್ತಾನೆ ಎಂಬುದು ಸಾಮಾನ್ಯ ನಂಬಿಕೆ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, 34 ವರ್ಷ ಸರ್ಕಾರಿ ಸೇವೆ ಸಲ್ಲಿಸಿ, 2018ರಲ್ಲಿ ನಿವೃತ್ತನಾದ ನನ್ನೊಳಗೂ ಆ ನಂಬಿಕೆ ಭದ್ರವಾಗಿ ಕುಳಿತಿತ್ತು ಎಂಬುದು ಗೊತ್ತಾದದ್ದು 2024ರ ದಸರಾ ರಜೆಯಲ್ಲಿ. ಬೆಂಗಳೂರಿನ ಪೂರ್ವ ಭಾಗದಲ್ಲಿದ್ದ ತಮ್ಮ ಫ್ಲ್ಯಾಟ್ ಮಾರಿ ಧಾರವಾಡಕ್ಕೆ ಹೋಗುವುದಾಗಿ ಮಗಳು ಮತ್ತು ಅಳಿಯ ಅಂದು ತಿಳಿಸಿದರು. ಮಗಳಿಗೆ ಅಲ್ಲಿನ ಶಿಕ್ಷಣ ಸಂಸ್ಥೆಯೊಂದರಲ್ಲಿ ಕಾಯಂ ಉದ್ಯೋಗ ದೊರೆತಿತ್ತು. ಅಳಿಯನ ಸಾಫ್ಟ್‌ವೇರ್ ಕಂಪನಿ, ತಿಂಗಳಿಗೆ ಒಂದು ವಾರ ಕಚೇರಿಗೆ ಬಂದರೆ ಸಾಕೆಂದು ಒಪ್ಪಿತ್ತು. ಮೊಮ್ಮಗಳಿಗೆ ಐದೂವರೆ ವರ್ಷ, ಮೊಮ್ಮಗನಿಗೆ ಒಂದೂವರೆ.

ನಾನು ಒಪ್ಪಲಿಲ್ಲ. ಆ ಫ್ಲ್ಯಾಟ್ 2015ರಲ್ಲಿ ಖರೀದಿಸುವಾಗ ನನ್ನ ಭವಿಷ್ಯ ನಿಧಿಯಿಂದ 10 ಲಕ್ಷ ರೂಪಾಯಿ ತೆಗೆದು ಕೊಟ್ಟಿದ್ದೆ. ಸೇವೆಯುದ್ದಕ್ಕೂ ಸರ್ಕಾರಿ ವಸತಿಗೃಹಗಳಲ್ಲಿ, ಬಾಡಿಗೆ ಮನೆಗಳಲ್ಲಿ ಕಾಲ ಕಳೆದವನಿಗೆ ಮಗಳ ಹೆಸರಿನ ಆ ಎರಡು ಕೋಣೆಗಳ ಮನೆ ಒಂದು ಸಾಧನೆಯಂತೆ ಕಂಡಿತ್ತು. ಬೆಂಗಳೂರಿನಲ್ಲಿ ಒಮ್ಮೆ ಬಿಟ್ಟ ಮನೆಯನ್ನು ಮತ್ತೆ ಕೊಳ್ಳಲಾಗದು ಎಂದು ವಾದಿಸಿದೆ. ಬಾಡಿಗೆಗೆ ಕೊಡಿ, ಮಾರಬೇಡಿ ಎಂದೆ. ಅದರ ಸಾಲದ ಕಂತು 45 ಸಾವಿರ, ಬರುವ ಬಾಡಿಗೆ 28 ಸಾವಿರ, ಧಾರವಾಡದಲ್ಲಿ ಮತ್ತೊಂದು ಮನೆಗೆ ಬಾಡಿಗೆ ನಾವೇ ಕಟ್ಟಬೇಕು ಎಂದು ಅಳಿಯ ಶಾಂತವಾಗಿ ಲೆಕ್ಕ ಹೇಳಿದ. ಅರ್ಥಶಾಸ್ತ್ರ ಓದಿದವನು ನಾನು, ಲೆಕ್ಕ ಹೇಳಿದವನು ಅವನು. ಸುಮಾರು ಒಂದು ತಿಂಗಳು ನಾನು ಮಗಳೊಂದಿಗೆ ಸರಿಯಾಗಿ ಮಾತನಾಡಲಿಲ್ಲ.

ಹೀಗೆ ಮನೆಯನ್ನು ಬಿಡಲಾರದ ಮನಸ್ಸಿಗೆ ಅರ್ಥಶಾಸ್ತ್ರದಲ್ಲಿ ಈಗ ಒಂದು ಸಿದ್ಧಾಂತವೇ ಇದೆ. ನಾವು ಎಂ.ಎ. ಓದುವಾಗ ಅದು ಪಠ್ಯದಲ್ಲಿರಲಿಲ್ಲ. 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದಕ್ಕೆ 1980ರಲ್ಲಿ ಹೆಸರಿಟ್ಟರು. ತನ್ನದಾದ ವಸ್ತುವಿಗೆ, ಅದು ತನ್ನದು ಎಂಬ ಒಂದೇ ಕಾರಣಕ್ಕೆ, ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನೆ ಎಂಬುದು ಅದರ ಸಾರ. ಥೇಲರ್, ಡೇನಿಯಲ್ ಕಾನ್‌ಮನ್ ಮತ್ತು ಜ್ಯಾಕ್ ನೆಟ್ಷ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಫಿ ಕುಡಿಯುವ ಸಾಮಾನ್ಯ ಮಗ್ ಒಂದನ್ನು ಉಚಿತವಾಗಿ ಪಡೆದವರು ಕೆಲವೇ ನಿಮಿಷಗಳ ಬಳಿಕ ಅದನ್ನು ಮಾರಲು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡು ಪಟ್ಟು ಇತ್ತು. ಡೇವಿಡ್ ಜೆನೆಸೊವ್ ಮತ್ತು ಕ್ರಿಸ್ಟೋಫರ್ ಮೇಯರ್ 2001ರಲ್ಲಿ ಬಾಸ್ಟನ್ ನಗರದ ಮನೆಗಳ ಮಾರಾಟ ಪರಿಶೀಲಿಸಿದಾಗ ಇನ್ನೊಂದು ಅಂಶ ಕಂಡುಬಂತು. ತಾವು ಕೊಂಡ ಬೆಲೆಗಿಂತ ಮಾರುಕಟ್ಟೆ ಇಳಿದಾಗ ಮಾಲೀಕರು ವಾಸ್ತವಕ್ಕಿಂತ ಹೆಚ್ಚಿನ ಬೆಲೆ ಹೇಳಿ, ಮನೆ ಮಾರಾಟವಾಗದೆ ತಿಂಗಳುಗಟ್ಟಲೆ ಕಾಯುತ್ತಿದ್ದರು. ಮಗ್ಗಿಗೇ ಇಷ್ಟು ಮಮತೆಯಾದರೆ ಮನೆಗೆ ಎಷ್ಟಿರಬೇಡ?

ನಮ್ಮದೂ ಹಾಗೆಯೇ ಆಯಿತು. ಮೊದಲು ಹೇಳಿದ ಬೆಲೆ 1 ಕೋಟಿ 10 ಲಕ್ಷ. ಅದೇ ಸಮುಚ್ಚಯದಲ್ಲಿ ಯಾರೋ ಅಷ್ಟಕ್ಕೆ ಮಾರಿದರಂತೆ ಎಂಬ ಮಾತೇ ಆಧಾರ. ಎರಡು ತಿಂಗಳು ಜನ ಬಂದು ನೋಡಿ ಹೋದರು, ಬೆಲೆ ಯಾರೂ ಕೇಳಲಿಲ್ಲ. ಮೂರನೆಯ ತಿಂಗಳು ಒಬ್ಬರು 1 ಕೋಟಿ 2 ಲಕ್ಷಕ್ಕೆ ಮುಂದೆ ಬಂದರು, ಆದರೆ 25 ಲಕ್ಷ ನಗದು, ಪತ್ರದಲ್ಲಿ ಉಳಿದದ್ದು ಮಾತ್ರ ಎಂಬ ಷರತ್ತಿನೊಂದಿಗೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಗಳು ಒಪ್ಪಲಿಲ್ಲ, ಆತ ಮತ್ತೆ ಬರಲಿಲ್ಲ. ಕೊನೆಗೆ 2025ರ ಮಾರ್ಚ್‌ನಲ್ಲಿ 96 ಲಕ್ಷಕ್ಕೆ, ಪೂರ್ತಿ ಬ್ಯಾಂಕ್ ಮೂಲಕ, ನೋಂದಣಿಯಾಯಿತು. ಪ್ರಾಮಾಣಿಕತೆಗೆ ಮಾರುಕಟ್ಟೆಯಲ್ಲಿ 6 ಲಕ್ಷ ತೆರಬೇಕಾಯಿತು ಎಂದು ನನ್ನ ಮಿತ್ರರೊಬ್ಬರು ಹೇಳಿದರು. ಅದು ದುಬಾರಿಯಲ್ಲ ಎಂದು ಈಗಲೂ ನಾನು ಭಾವಿಸುತ್ತೇನೆ.

ಕಾಗದದ ಮೇಲಿನ ಲಾಭ

ಇಲ್ಲಿ ಓದುಗರಿಗೆ ಉಪಯೋಗವಾಗಬಹುದಾದ ಲೆಕ್ಕವನ್ನು ಮುಂದಿಡುತ್ತೇನೆ. ನೋಂದಣಿ ವೆಚ್ಚ ಸೇರಿ 2015ರಲ್ಲಿ ಆ ಮನೆಗೆ ಬಿದ್ದ ಬೆಲೆ 60 ಲಕ್ಷ. ಮಾರಿದ್ದು 96 ಲಕ್ಷಕ್ಕೆ. ಬರಿಗಣ್ಣಿಗೆ 36 ಲಕ್ಷ ಲಾಭ. ವಾರ್ಷಿಕ ದರಕ್ಕೆ ಇಳಿಸಿದರೆ ಶೇ 5ರ ಆಸುಪಾಸು, ಅಂದರೆ ಬ್ಯಾಂಕ್ ಠೇವಣಿಗಿಂತಲೂ ಕಡಿಮೆ. ಸಾಲದ ಬಡ್ಡಿ, ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ ಇದರಲ್ಲಿ ಸೇರಿಲ್ಲ. ಬೆಂಗಳೂರಿನ ಆಸ್ತಿ ಸದಾ ಚಿನ್ನವೆಂಬ ಮಾತು ನಿವೇಶನಕ್ಕೆ ಹೊಂದೀತು. ಹಳೆಯದಾಗುತ್ತ ಹೋಗುವ ಫ್ಲ್ಯಾಟ್‌ನಲ್ಲಿ ನಮ್ಮ ಪಾಲಿನ ಭೂಮಿ ಅಂಗೈ ಅಗಲ, ಉಳಿದದ್ದು ಸವೆಯುವ ಕಟ್ಟಡ.

ತೆರಿಗೆಯ ವಿಷಯದಲ್ಲಿ 2024ರ ಜುಲೈ 23ರಿಂದ ನಿಯಮ ಬದಲಾಗಿದೆ. ಅಂದಿನಿಂದ ಮನೆ ಮಾರಾಟದ ದೀರ್ಘಾವಧಿ ಲಾಭಕ್ಕೆ ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ 12.5 ತೆರಿಗೆ. ಆದರೆ ಆ ದಿನಾಂಕಕ್ಕೆ ಮೊದಲು ಖರೀದಿಸಿದ ದೇಶವಾಸಿಗಳಿಗೆ ಹಳೆಯ ಕ್ರಮದಂತೆ, ಹಣದುಬ್ಬರ ಸೂಚ್ಯಂಕ ಅನ್ವಯಿಸಿ ಶೇ 20ರ ಲೆಕ್ಕದಲ್ಲಿ ಬರುವ ತೆರಿಗೆಯೇ ಕಡಿಮೆಯಾದರೆ ಅಷ್ಟನ್ನೇ ಕಟ್ಟುವ ಅವಕಾಶ ಉಳಿದಿದೆ. ನಮ್ಮ ಪ್ರಕರಣದಲ್ಲಿ ಹೊಸ ಕ್ರಮದ ತೆರಿಗೆ ನಾಲ್ಕೂವರೆ ಲಕ್ಷ. ಹಳೆಯ ಕ್ರಮದಲ್ಲಿ ಸೂಚ್ಯಂಕ 254ರಿಂದ 363ಕ್ಕೆ ಏರಿದ್ದರಿಂದ 60 ಲಕ್ಷದ ಮನೆಯ ಬೆಲೆ ಸುಮಾರು 85 ಲಕ್ಷ 75 ಸಾವಿರವಾಗಿ, ನಿಜವಾದ ಲಾಭ 10 ಲಕ್ಷ 25 ಸಾವಿರಕ್ಕೆ ಇಳಿಯಿತು. ತೆರಿಗೆ ಸುಮಾರು 2 ಲಕ್ಷ 5 ಸಾವಿರ, ಸೆಸ್ ಪ್ರತ್ಯೇಕ. ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಅದಕ್ಕೆ ತೊಡಗಿಸಿದಷ್ಟು ಲಾಭಕ್ಕೆ ವಿನಾಯಿತಿ ಇದೆ. ಅಲ್ಲಿಯವರೆಗೆ, ಆದಾಯ ತೆರಿಗೆ ವಿವರ ಸಲ್ಲಿಸುವ ಗಡುವಿನೊಳಗೆ, ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಹಣ ಇಡಬೇಕು. ಈ ಸೌಲಭ್ಯ ತಿಳಿಯದೆ, ತೆರಿಗೆಯ ಭಯದಿಂದ ಹೊಸ ಊರಿನಲ್ಲಿ ಮೊದಲ ತಿಂಗಳೇ ಸಿಕ್ಕ ಮನೆ ಕೊಂಡು ಪಶ್ಚಾತ್ತಾಪಪಟ್ಟವರನ್ನು ಬಲ್ಲೆ. ಎರಡು ವರ್ಷ ಎಂದರೆ ಎರಡು ಮಳೆಗಾಲ. ಒಂದು ಊರನ್ನು ಅರಿಯಲು ಅಷ್ಟಾದರೂ ಬೇಕು.

ದಾಖಲೆಗಳ ವಿಚಾರದಲ್ಲಿ ನನ್ನ ಸಲಹೆ ಒಂದೇ: ಗಿರಾಕಿ ಹುಡುಕುವ ಮೊದಲು ಕಡತ ಸಿದ್ಧಪಡಿಸಿ. ಋಣಭಾರ ಪ್ರಮಾಣಪತ್ರ, ಇ–ಖಾತಾ, ತೆರಿಗೆ ರಸೀದಿಗಳು, ಸಮುಚ್ಚಯದ ಸಂಘದಿಂದ ಬಾಕಿ ಇಲ್ಲವೆಂಬ ಪತ್ರ, ಬ್ಯಾಂಕಿನಿಂದ ಸಾಲದ ಬಾಕಿ ಪತ್ರ ಇವಿಷ್ಟು ಕೈಯಲ್ಲಿರಬೇಕು. 2024ರ ಅಕ್ಟೋಬರ್‌ನಿಂದ ಇ–ಖಾತಾ ಇಲ್ಲದೆ ಬೆಂಗಳೂರಿನಲ್ಲಿ ನೋಂದಣಿ ಆಗದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಆದೇಶಿಸಿದೆ. ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ತನ್ನಿಂದಾದ ವಿಳಂಬಕ್ಕೆ ಬ್ಯಾಂಕ್ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ನಮ್ಮ ಬ್ಯಾಂಕು ಪತ್ರಗಳು ಬೇರೆ ಊರಿನ ಉಗ್ರಾಣದಲ್ಲಿವೆ ಎಂದು 40 ದಿನ ಅಲೆದಾಡಿಸಿತು. ನಿಯಮ ಉಲ್ಲೇಖಿಸಿ ನಾನು ಒಂದು ಪುಟದ ಪತ್ರ ಬರೆದ ಏಳನೆಯ ದಿನ ಪತ್ರಗಳೂ ಬಂದವು, 17 ದಿನಗಳ ಪರಿಹಾರವೂ ಬಂತು. ಕಚೇರಿ ಭಾಷೆಯ ಪತ್ರ ಬರೆಯುವ ಕಲೆ ನಿವೃತ್ತಿಯ ನಂತರವೂ ಹೀಗೆ ಉಪಯೋಗಕ್ಕೆ ಬರುತ್ತದೆ.

ಚಲನೆಗೆ ಸುಂಕ

ಮನೆ ಬದಲಿಸುವವರ ಮೇಲೆ ಸರ್ಕಾರ ವಿಧಿಸುವ ಹೊರೆಯ ಬಗ್ಗೆಯೂ ಯೋಚಿಸಬೇಕು. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ 5. ನಗರದಲ್ಲಿ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದನ್ನು 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿಸಲಾಯಿತು. ನಮ್ಮ ಮನೆ ಕೊಂಡವರು ಮಾರ್ಚ್‌ನಲ್ಲಿ ಸುಮಾರು 6 ಲಕ್ಷ 34 ಸಾವಿರ ಕಟ್ಟಿದರು. ಆರು ತಿಂಗಳು ತಡವಾಗಿದ್ದರೆ ಅದೇ ಮನೆಗೆ 7 ಲಕ್ಷ 30 ಸಾವಿರ ಬೀಳುತ್ತಿತ್ತು. ಮಗಳು ಧಾರವಾಡದಲ್ಲಿ ಮನೆ ಕೊಂಡಾಗ ಮತ್ತೆ ಈ ಸುಂಕ ತೆರಬೇಕು. ಉದ್ಯೋಗಕ್ಕಾಗಿ ಊರು ಬದಲಿಸುವ ಕುಟುಂಬಕ್ಕೆ ಇದು ಸ್ಥಳಾಂತರದ ಮೇಲಿನ ತೆರಿಗೆಯೇ ಸರಿ.

ಸ್ವಂತ ಮನೆ ಇರುವವರು ಸುಲಭವಾಗಿ ಊರು ಬಿಡಲಾರರು, ಹಾಗಾಗಿ ಸ್ವಂತ ಮನೆಗಳು ಹೆಚ್ಚಿದ ಕಡೆ ನಿರುದ್ಯೋಗವೂ ಹೆಚ್ಚು ಎಂಬ ವಾದವನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಓಸ್ವಾಲ್ಡ್ 1990ರ ದಶಕದಲ್ಲಿ ಮಂಡಿಸಿದರು. ನಿರುದ್ಯೋಗದ ಕುರಿತ ಅವರ ತೀರ್ಮಾನವನ್ನು ಎಲ್ಲರೂ ಒಪ್ಪಿಲ್ಲ. ಆದರೆ ವಹಿವಾಟಿನ ವೆಚ್ಚ ಹೆಚ್ಚಿದಷ್ಟೂ ಜನ ಕದಲುವುದು ಕಡಿಮೆಯಾಗುತ್ತದೆ ಎಂಬ ಅಂಶ ಬಲವಾದದ್ದು. 2011ರ ಜನಗಣತಿಯಂತೆ ನಗರಗಳ ಶೇ 69ರಷ್ಟು ಕುಟುಂಬಗಳು ಸ್ವಂತ ಮನೆಯಲ್ಲಿದ್ದವು. ಅದೇ ಗಣತಿಯಲ್ಲಿ ನಗರ ಪ್ರದೇಶದಲ್ಲಿ 1 ಕೋಟಿ 10 ಲಕ್ಷದಷ್ಟು ಮನೆಗಳು ಖಾಲಿ ಇದ್ದವು. ಒಂದೆಡೆ ಬಾಡಿಗೆಗೆ ಮನೆ ಸಿಗದವರು, ಇನ್ನೊಂದೆಡೆ ಮಾರಲೂ ಆಗದೆ, ಬಾಡಿಗೆಗೆ ಕೊಡಲು ಧೈರ್ಯವೂ ಇಲ್ಲದೆ ಬೀಗ ಹಾಕಿದವರು.

ರಾಜ್ಯದ ಬೊಕ್ಕಸಕ್ಕೆ ಮುದ್ರಾಂಕ ಶುಲ್ಕ ಎಷ್ಟು ಮುಖ್ಯ ಎಂಬುದನ್ನು ಬಲ್ಲವನಾದ್ದರಿಂದ ಅದನ್ನು ರದ್ದುಪಡಿಸಿ ಎನ್ನಲಾರೆ. ಕೋವಿಡ್ ಕಾಲದಲ್ಲಿ ಮಹಾರಾಷ್ಟ್ರ ಸರ್ಕಾರ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಶುಲ್ಕವನ್ನು ಶೇ 3ರಷ್ಟು, ನಂತರ 2021ರ ಮಾರ್ಚ್‌ವರೆಗೆ ಶೇ 2ರಷ್ಟು ಇಳಿಸಿದಾಗ ನೋಂದಣಿ ಕಚೇರಿಗಳ ಮುಂದೆ ಸಾಲು ನಿಂತಿತ್ತು. ಅಂಥ ತಾತ್ಕಾಲಿಕ ರಿಯಾಯಿತಿಗಿಂತ ಸ್ಥಿರವಾದ ಒಂದು ಕ್ರಮ ಒಳಿತು. ಇರುವ ಒಂದೇ ಮನೆ ಮಾರಿ, ಎರಡು ವರ್ಷದೊಳಗೆ ರಾಜ್ಯದಲ್ಲೇ ವಾಸಕ್ಕೆ ಇನ್ನೊಂದು ಮನೆ ಕೊಳ್ಳುವವರಿಗೆ ಎರಡರ ಬೆಲೆಯ ವ್ಯತ್ಯಾಸದ ಮೇಲೆ ಮಾತ್ರ ಶುಲ್ಕ ವಿಧಿಸಬಹುದು. ಆದಾಯ ತೆರಿಗೆಯಲ್ಲಿ ಈ ತತ್ವವನ್ನು ಕೇಂದ್ರ ಈಗಾಗಲೇ ಒಪ್ಪಿರುವಾಗ ರಾಜ್ಯ ಒಪ್ಪಬಾರದೇಕೆ?

ಕೇಳದೆ ಉಳಿದ ಪ್ರಶ್ನೆ

ಇಷ್ಟೆಲ್ಲ ಲೆಕ್ಕ ಬರೆದ ನಾನು ಒಂದು ಬಾಬತ್ತನ್ನು ಬಿಟ್ಟಿದ್ದೆ. ಅದನ್ನು ನೆನಪಿಸಿದವಳು ಮಗಳು. ಮಾತು ನಿಲ್ಲಿಸಿದ್ದ ತಿಂಗಳ ಕೊನೆಯಲ್ಲಿ ನಾನೇ ಫೋನ್ ಮಾಡಿ, ಸಣ್ಣ ಮಕ್ಕಳನ್ನು ಹೀಗೆ ಕಿತ್ತುಕೊಂಡು ಹೋಗುವುದು ಸರಿಯೇ ಎಂದು ಕೇಳಿದೆ. ಆಕೆ ಕ್ಷಣಕಾಲ ಸುಮ್ಮನಿದ್ದು ಹೇಳಿದಳು: ‘ಅಪ್ಪಾ, ನಿಮಗೆ 11 ಸಲ ವರ್ಗವಾಯಿತು. ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ನಾನು ಐದು ಶಾಲೆ ನೋಡಿದೆ. ಒಂದು ಸಲವೂ ನೀವು ನನ್ನನ್ನು ಕೇಳಲಿಲ್ಲ. ಬಾಗಲಕೋಟೆಗೆ ಹೋದಾಗ ಎರಡು ತಿಂಗಳು ನಾನು ಶಾಲೆಗೇ ಹೋಗಲಿಲ್ಲ, ಗೊತ್ತೇ? ನಾವು ಮಗಳನ್ನು ಕೇಳಿದ್ದೇವೆ.’

ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದು ಮರೆತಿದ್ದೆ. 1998ರಲ್ಲಿ ನನ್ನನ್ನು ಬಾಗಲಕೋಟೆಗೆ ವರ್ಗ ಮಾಡಿದಾಗ ಜಿಲ್ಲೆ ರಚನೆಯಾಗಿ ಒಂದು ವರ್ಷವಾಗಿತ್ತಷ್ಟೇ. ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿಯ ಕೆಲಸ ಭರದಿಂದ ನಡೆದಿತ್ತು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಭಾಗಗಳನ್ನು ನುಂಗಲಿತ್ತು, ಜನರು ನವನಗರಕ್ಕೆ ಹೋಗಬೇಕಿತ್ತು. ನವೆಂಬರ್ ತಿಂಗಳಲ್ಲಿ ಬಂದ ನನ್ನ ಮಗಳನ್ನು ಶಾಲೆಯೊಂದು ವರ್ಗಾವಣೆ ಪತ್ರ ಬಂದಿಲ್ಲವೆಂದು ಸೇರಿಸಿಕೊಳ್ಳಲಿಲ್ಲ. ನಾನು ನೂರಾರು ಕುಟುಂಬಗಳ ಸ್ಥಳಾಂತರದ ಪಟ್ಟಿ ತಯಾರಿಸುತ್ತಿದ್ದೆ. ಹತ್ತು ವರ್ಷದ ನನ್ನ ಮಗಳು ವಸತಿಗೃಹದ ಕಿಟಕಿಯಲ್ಲಿ ಕುಳಿತಿದ್ದಳು. ಆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಅಂದು ಪರಿಹಾರದ ಚೆಕ್ ಪಡೆಯಲು ಬಂದ ಅಜ್ಜಿಯೊಬ್ಬಳು ನನ್ನ ಮೇಜಿನ ಮುಂದೆ ಕೇಳಿದ ಪ್ರಶ್ನೆ ಮಾತ್ರ ನೆನಪಿದೆ: ‘ಸಾಹೇಬ್ರ, ಬೇವಿನ ಗಿಡಕ್ಕ ರೊಕ್ಕ ಹಿಡದೀರಿ. ನೆರಳಿಗೆ ಎಷ್ಟ ಹಿಡದೀರಿ?’ ಸಹೋದ್ಯೋಗಿಗಳೊಂದಿಗೆ ನಾನೂ ನಕ್ಕಿದ್ದೆ. ಗಿಡದ ಮೌಲ್ಯಮಾಪನಕ್ಕೆ ಸುತ್ತೋಲೆಯಿತ್ತು, ನೆರಳಿಗೆ ಇರಲಿಲ್ಲ. ಆಕೆ ಇಷ್ಟಪಟ್ಟು ಊರು ಬಿಟ್ಟವಳಲ್ಲ. ನನ್ನ ಮಗಳು ತಾನೇ ಆಯ್ದು ಹೊರಟವಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಮಗುವಿನ ದೃಷ್ಟಿಯಿಂದ ನೋಡಿದರೆ ಪ್ರತಿಯೊಂದು ಸ್ಥಳಾಂತರವೂ ಬೇರೆಯವರು ತೀರ್ಮಾನಿಸಿದ್ದೇ.

ಮಗಳು, ಅಳಿಯ ಮಾಡಿದ್ದು ದೊಡ್ಡದೇನಲ್ಲ. ಮಾರಾಟಕ್ಕೆ ಮೊದಲೇ ಮೊಮ್ಮಗಳನ್ನು ಎರಡು ಬಾರಿ ಧಾರವಾಡಕ್ಕೆ ಕರೆದೊಯ್ದರು. ಶಾಲೆ, ಮೈದಾನ, ಬಸ್ ನಿಲ್ದಾಣ ತೋರಿಸಿದರು. ಶೈಕ್ಷಣಿಕ ವರ್ಷ ಮುಗಿದ ಮೇಲೆಯೇ, ಮೇ ತಿಂಗಳಲ್ಲಿ ಹೊರಟರು. ಮನೆ ನೋಡಲು ಅಪರಿಚಿತರು ಬರುವಾಗ ಅವಳನ್ನು ಪಾರ್ಕಿಗೆ ಕಳಿಸಿದರು. ಏಕೆಂದರೆ ಮೊದಲ ಸಲ ಬಂದವರು ಅವಳ ಕೋಣೆಯಲ್ಲಿ ನಿಂತು ಈ ಗೋಡೆ ಒಡೆಸಬೇಕು ಎಂದದ್ದನ್ನು ಕೇಳಿ ಅವಳು ರಾತ್ರಿ ಅತ್ತಿದ್ದಳು. ಸಾಮಾನು ಕಟ್ಟುವಾಗ ಅವಳ ಪೆಟ್ಟಿಗೆಯನ್ನು ಕೊನೆಗೆ ಲಾರಿಗೆ ಏರಿಸಿ, ಮೊದಲು ಇಳಿಸಿದರು. ಚಿಕ್ಕವನಿಗೆ ತಾಯಿ ಕಾರ್ಡ್, ಲಸಿಕೆಯ ವಿವರ, ಎರಡು ತಿಂಗಳ ಔಷಧ ಕೈಚೀಲದಲ್ಲೇ ಇದ್ದವು. ಇಷ್ಟಾದರೂ ಕಷ್ಟ ತಪ್ಪಲಿಲ್ಲ. ಜೂನ್‌ನ ಜಡಿಮಳೆಯಲ್ಲಿ ಮೊಮ್ಮಗಳು ಮೂರು ವಾರ ಶಾಲೆಗೆ ಹೋಗಲು ಹಟ ಹಿಡಿದಳು. ‘ಅಲ್ಲಿ ಎಲ್ಲರೂ ರೀ ರೀ ಅಂತಾರೆ, ನನಗೆ ಮಾತಾಡೋಕೆ ಬರಲ್ಲ’ ಎಂಬುದು ಅವಳ ದೂರು.

ನನ್ನ ಮಗಳಿಗಾದದ್ದು ಇಂದು ಕಾನೂನುಬಾಹಿರ ಎಂಬುದನ್ನು ತಂದೆತಾಯಂದಿರು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಮಗು ಬೇರೆ ಊರಿಗೆ ಹೋಗುವಾಗ ಮುಖ್ಯೋಪಾಧ್ಯಾಯರು ತಕ್ಷಣ ವರ್ಗಾವಣೆ ಪತ್ರ ಕೊಡಬೇಕು. ಆ ಪತ್ರ ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ. ಈ ಹಕ್ಕು ಎಲ್ಲ ಶಾಲೆಗಳಿಗೂ, ವರ್ಷದ ಯಾವ ತಿಂಗಳಿಗೂ ಪೂರ್ಣವಾಗಿ ಅನ್ವಯವಾಗುವಂತೆ ಮಾಡಿದರೆ ಅದು ಮುದ್ರಾಂಕ ಶುಲ್ಕದ ರಿಯಾಯಿತಿಗಿಂತ ದೊಡ್ಡ ಉಪಕಾರ. 2011ರ ಜನಗಣತಿಯಂತೆ ಈ ದೇಶದಲ್ಲಿ 45 ಕೋಟಿಗೂ ಹೆಚ್ಚು ಜನ ತಮ್ಮ ಹಿಂದಿನ ವಾಸಸ್ಥಳ ಬಿಟ್ಟು ಬಂದವರು. ಅವರಲ್ಲಿ ಶಾಲೆಯ ಬಾಗಿಲಲ್ಲಿ ನಿಂತ ಮಕ್ಕಳೆಷ್ಟೋ!

ಕೊನೆಗೆ ಒಂದು ಸಣ್ಣ ಸಂಗತಿ. ಮೊಮ್ಮಗಳು ಮೂರು ವರ್ಷದವಳಿದ್ದಾಗ, ಜನಸಂದಣಿಯಲ್ಲಿ ತಪ್ಪಿಸಿಕೊಂಡರೆ ಇರಲಿ ಎಂದು ಮನೆಯ ವಿಳಾಸವನ್ನು ಬಾಯಿಪಾಠ ಮಾಡಿಸಿದವನು ನಾನೇ. ಫ್ಲ್ಯಾಟ್ ಸಂಖ್ಯೆಯಿಂದ ಐದು ಆರು ಸೊನ್ನೆ ಎಂದು ಶುರುವಾಗುವ ಪಿನ್ ಕೋಡ್‌ವರೆಗೆ ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ಜುಲೈನಲ್ಲಿ ನಾನು ಧಾರವಾಡಕ್ಕೆ ಹೋದಾಗ ಫೇಡೆ ಅಂಗಡಿಯವರು ‘ನಿನ್ನ ಮನಿ ಎಲ್ಲೇತಿ ತಂಗಿ’ ಎಂದು ಕೇಳಿದರು. ಅವಳು ಬೆಂಗಳೂರಿನ ವಿಳಾಸವನ್ನು ಆರಂಭಿಸಿ, ಅರ್ಧಕ್ಕೆ ನಿಲ್ಲಿಸಿ, ನನ್ನ ಮುಖ ನೋಡಿದಳು. ಹೊಸ ವಿಳಾಸ ನನಗೂ ಬಾಯಿಗೆ ಬರುತ್ತಿರಲಿಲ್ಲ. ಎರಡು ತಿಂಗಳಾದರೂ ನಾನದನ್ನು ಕಲಿತಿರಲಿಲ್ಲ, ಕಲಿಯುವ ಮನಸ್ಸು ಮಾಡಿರಲಿಲ್ಲ ಎನ್ನುವುದೇ ಸರಿ.

ಅಂದು ಸಂಜೆ ಇಬ್ಬರೂ ಒಟ್ಟಿಗೆ ಕುಳಿತು ಕಲಿತೆವು. ಐದು ಎಂಟು ಸೊನ್ನೆಯಿಂದ ಶುರುವಾಗುವ ಪಿನ್ ಕೋಡ್‌ನಲ್ಲಿ ನಾನು ಮೂರು ಸಲ ತಪ್ಪಿದೆ, ಅವಳು ತಿದ್ದಿದಳು. ಆಮೇಲೆ, ಹಳೆಯದನ್ನು ಮರೆಯಬೇಕಾ ಅಜ್ಜ ಎಂದು ಕೇಳಿದಳು. ಬೇಡ, ಎರಡೂ ಇರಲಿ, ಆದರೆ ಯಾರಾದರೂ ಕೇಳಿದಾಗ ಹೊಸದನ್ನು ಹೇಳು ಎಂದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. 1998ರ ಆ ಎರಡು ತಿಂಗಳ ಬಗ್ಗೆ ಕ್ಷಮೆ ಕೇಳಬೇಕೆಂದು ಹೋಗಿದ್ದ ನಾನು ಮಾತು ಎಲ್ಲಿಂದ ಆರಂಭಿಸುವುದೆಂದು ತಿಳಿಯದೆ ದಿನಗಳನ್ನು ದೂಡುತ್ತಿದ್ದೆ. ಅಂದು ರಾತ್ರಿ ಊಟದ ಬಳಿಕ ಕೇಳಿದೆ.